ಕಾಲುವೆಯಾಚೆಯ ಹತ್ತು ಗೂಟ

ಗೂಟದ ಕಾರಿನಲ್ಲಿ ಓಡಾಡುವವರನ್ನು ಈ ಅಂಕಣದಲ್ಲಿ ಬೇಕಾದಷ್ಟು ಬೈದಿದ್ದೇನೆ. ಇವತ್ತು ಬರೆಯುತ್ತಿರುವುದು ಕಾರಿಲ್ಲದೆ ಬರೀ ಗೂಟ ಇದ್ದವನ ಕಥೆ. ಬೈಯುವುದಕ್ಕೆಂದೇ ಕೂತವನಿಗೆ ಈ ಸಲ ಬಾಯಿ ಏಳುತ್ತಿಲ್ಲ. ಯಾಕೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಊರ ಹೊರಗೆ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆ ದಾಟಿದರೆ ಒಂದು ಹುಲ್ಲುಗಾವಲಿದೆ. ತಂತಿಬೇಲಿ, ತುಕ್ಕು ಹಿಡಿದ ಗೇಟು, ‘ಸಂರಕ್ಷಿತ ಪ್ರದೇಶ’ ಎಂಬ ಫಲಕ. ಫಲಕ ಓದಿದವರು ಒಳಗೆ ಹುಲಿ ಇರಬೇಕು ಅಂದುಕೊಳ್ಳುತ್ತಾರೆ. ಹುಲಿಯಿಲ್ಲ, ಹುಲ್ಲಿದೆ. ಬರೀ ಹುಲ್ಲನ್ನು ಕಾಯುವುದಕ್ಕೆ ಒಂದು ಕಚೇರಿಯೇ ಎಂದು ನಾನೂ ಒಮ್ಮೆ ನಕ್ಕಿದ್ದೆ. ಕಾಪಾಡುವುದೆಂದರೆ ಬೇಲಿ ಹಾಕಿ ಮರೆತುಬಿಡುವುದು ಎಂದು ತಿಳಿದವರು ನಾವು. ಹುಲ್ಲುಗಾವಲನ್ನು ಹಾಗೆ ಮರೆತರೆ ಮುಳ್ಳುಪೊದೆ ನುಗ್ಗಿ ನಾಲ್ಕೈದು ವರ್ಷದಲ್ಲಿ ಹುಲ್ಲಿನ ಉಸಿರು ಕಟ್ಟಿಸುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಕೊಯ್ಯಬೇಕು. ಎಲ್ಲವನ್ನೂ ಒಟ್ಟಿಗೆ ಕೊಯ್ದರೋ, ನೆಲದ ಮೇಲೇ ಗೂಡು ಮಾಡುವ ನೆಲಗುಬ್ಬಿಗೆ ನೆಲೆಯಿಲ್ಲ. ಆದ್ದರಿಂದ ಗಾವಲನ್ನು ನಾಲ್ಕು ಪಾಲು ಮಾಡಿದ್ದಾರೆ. ಗೂಡಿಲ್ಲದ ಪಾಲನ್ನು ಮೊದಲು ಕೊಯ್ಯುತ್ತಾರೆ. ಗೂಡಿರುವುದನ್ನು ಎರಡು ತಿಂಗಳು ತಡೆದು, ಮರಿಗಳು ಹಾರಿಹೋದ ಮೇಲೆ.

ಯಾವ ಪಾಲಿನಲ್ಲಿ ಗೂಡಿದೆ, ಯಾವುದರಲ್ಲಿ ಇಲ್ಲ ಎಂದು ಹೇಳುವುದು ಗೂಟದಣ್ಣನ ಪುಸ್ತಕ.

ತಂದೆತಾಯಿ ಇಟ್ಟ ಹೆಸರು ಅವನಿಗೆ ಹಾಜರಿ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಪಾಲಿಗೆ ಹತ್ತರಂತೆ ಗಾವಲಿನಲ್ಲಿ ನಲವತ್ತು ಗೂಟಗಳಿವೆ. ಹತ್ತೊಂಬತ್ತು ವರ್ಷದ ಹಿಂದೆ ಅವನ್ನು ಹೊಡೆಯುವುದಕ್ಕೆಂದು ಮೂರು ದಿನದ ಕೂಲಿಗೆ ಬಂದವನು ಅವನು. ಅದಕ್ಕೂ ಮುಂಚೆ ಒಬ್ಬ ಬಡಗಿಯ ಹತ್ತಿರ ಬಾಗಿಲು ಕಿಟಕಿಗಳಿಗೆ ಉಜ್ಜುಕಾಗದ ತಿಕ್ಕಿಕೊಂಡಿದ್ದ. ಗೂಟ ಹೊಡೆಸಿದ ಸಂಶೋಧಕಿ ಇವನ ಕಣ್ಣು ಚುರುಕಾಗಿದೆ ಎಂದು ಕಂಡು ಎಣಿಕೆಯ ಕೆಲಸ ಕಲಿಸಿದಳು. ಒಂದು ಮೀಟರಿನ ಚೌಕಟ್ಟನ್ನು ಗೂಟದ ಪಕ್ಕದಲ್ಲಿಡಬೇಕು, ಅದರೊಳಗೆ ಯಾವ ಹುಲ್ಲು ಎಷ್ಟಿದೆ ಎಂದು ಎಣಿಸಬೇಕು, ಮುಳ್ಳುಪೊದೆಯ ಸಸಿ ಮೊಳೆತಿದ್ದರೆ ಬರೆಯಬೇಕು. ಆಮೇಲೆ ಗೂಟದ ಸುತ್ತ ಮೂವತ್ತು ಹೆಜ್ಜೆಯಷ್ಟು ದೂರ ಉಸಿರು ಬಿಗಿಹಿಡಿದು ನಡೆದು ಗೂಡು ನೋಡಬೇಕು. ವರ್ಷಕ್ಕೆ ಎರಡು ಸಲ. ಸಂಶೋಧಕಿ ತನ್ನ ಪದವಿ ತೆಗೆದುಕೊಂಡು ಹೊರಟುಹೋದಳು. ಇವನು ಉಳಿದ.

“ಎಲ್ರೂ ಬಂದು ಹೋದ್ರು, ನೀನೊಬ್ಬ ಗೂಟ ಹೊಡ್ಕೊಂಡು ಕೂತ್ಬಿಟ್ಟೆ ನೋಡು” ಎಂದು ಟೀ ಅಂಗಡಿಯವನು ಅಂದಿದ್ದೇ ಹೆಸರಾಯಿತು.

ಚೌಕಟ್ಟನ್ನು ಅವನು ತಾನೇ ಮಾಡಿಕೊಂಡಿದ್ದ, ಬಡಗಿ ಮೆಚ್ಚುವಂಥ ಜೋಡಣೆ ಮಾಡಿ. ಅದನ್ನು ಹೆಗಲಿಗೆ ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಹೊರಟರೆ ದಾರಿಯುದ್ದಕ್ಕೂ ತಮಾಷೆ.

“ಎಲ್ಲಣ್ಣ ಮನೆ ಕಟ್ಸ್ತಿದೀಯ? ಕಿಟಕಿ ಹೊತ್ಕೊಂಡ್ ತಿರುಗ್ತಿದೀಯಲ್ಲ!”

“ಕಿಟಕಿ ಸಿಕ್ಕಿದೆ. ಗೋಡೆ ಕೊಡೋರು ಯಾರಾದ್ರೂ ಇದ್ರೆ ಹೇಳು.”

ಇಪ್ಪತ್ತಾರು ಬಗೆಯ ಹುಲ್ಲು ಅವನಿಗೆ ಗೊತ್ತಿತ್ತು. ಪುಸ್ತಕದ ಹೆಸರುಗಳು ನಾಲಿಗೆಗೆ ಹತ್ತದ ಕಡೆ ತಾನೇ ಹೆಸರಿಟ್ಟಿದ್ದ. ಗಾಳಿಯಿಲ್ಲದಿದ್ದರೂ ತಲೆಯಾಡಿಸುತ್ತಲೇ ಇರುವುದು ‘ಹೌದಪ್ಪನ ಹುಲ್ಲು’. ಬೆಳಗ್ಗೆ ಹತ್ತಾದರೂ ಎದ್ದು ನಿಲ್ಲದ್ದು ‘ಸಾಹೇಬರ ಹುಲ್ಲು’. ಕಚೇರಿಯ ಪುಸ್ತಕದಲ್ಲಿ ಮಾತ್ರ ಸರಿಯಾದ ಹೆಸರನ್ನೇ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆಯುತ್ತಿದ್ದ. ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ಕಚೇರಿಯವರು ಗಾವಲನ್ನು ತೋರಿಸುತ್ತಿರಲಿಲ್ಲ, ಇವನ ಪುಸ್ತಕವನ್ನು ತೋರಿಸುತ್ತಿದ್ದರು. ದೊಡ್ಡವರು ಅಕ್ಷರ ನೋಡಿ ತಲೆದೂಗಿ ಟೀ ಕುಡಿದು ಹೋಗುತ್ತಿದ್ದರು. ಬರೆದದ್ದೇನು ಎಂದು ಒಬ್ಬರೂ ಓದಲಿಲ್ಲ.

ಹದಿನೇಳನೆಯ ವರ್ಷದಲ್ಲಿ, ನಾಲ್ಕನೆಯ ಪಾಲಿಗೆ ಹೋಗುವ ಕಾಲುವೆಯ ಮೇಲಿನ ಹಲಗೆ ಮುರಿಯಿತು. ಸೊಂಟದ ಮಟ್ಟದ ಕೆಸರುನೀರು. ಮೂವತ್ತೊಂದರಿಂದ ನಲವತ್ತರವರೆಗಿನ ಗೂಟಗಳು ಆಚೆ ದಡದಲ್ಲಿದ್ದವು. ಹಲಗೆ ಬೇಕೆಂದು ಕಚೇರಿಗೆ ಅರ್ಜಿ ಕೊಟ್ಟ. ಎಣಿಕೆಯ ದಿನ ಮುಗಿಯುತ್ತಾ ಬಂತು, ಹಲಗೆ ಬರಲಿಲ್ಲ. ಆಚೆ ಪಾಲಿನಲ್ಲಿ ಅಲ್ಲಿಯವರೆಗೆ ಒಂದು ಗೂಡೂ ಕಂಡವನಲ್ಲ. ಹುಲ್ಲು ಅಲ್ಲಿ ತೀರಾ ಗಿಡ್ಡ, ಹಕ್ಕಿಗೆ ಮರೆಯಾಗುವಷ್ಟಿಲ್ಲ. ಹತ್ತೂ ಗೂಟಗಳ ಮುಂದೆ ಒಂದೇ ಪದ ಬರೆದ: ‘ಯಥಾಸ್ಥಿತಿ’. ಹಲಗೆ ಬಂದಮೇಲೆ ಹೋಗಿ ನೋಡಿ ತಿದ್ದಿದರಾಯಿತು ಅಂದುಕೊಂಡ.

ಇಲ್ಲಿ ಕಚೇರಿಯನ್ನು ಬೈದು ಕಥೆ ಮುಗಿಸಬಹುದಿತ್ತು. ನನಗೆ ಅದು ಕೈಗೆ ಕೂತ ಕೆಲಸ. ಆದರೆ ಮೂರೇ ವಾರಕ್ಕೆ ಹಲಗೆ ಬಂತು. ಹೊಸದು, ದಪ್ಪನೆಯದು, ಎರಡು ಕಡೆ ಮೊಳೆ ಹೊಡೆದದ್ದು. ಇವನು ಹೋಗಲಿಲ್ಲ. ಅಷ್ಟರಲ್ಲಿ ಪುಸ್ತಕಕ್ಕೆ ಸಹಿ ಬಿದ್ದಿತ್ತು. ಹತ್ತು ಸಾಲಿನಲ್ಲಿ ಒಂದೇ ಪದವಿದ್ದರೂ ಸಹಿ ಹಾಕಿದ ಕಚೇರಿಯ ಮೇಲ್ವಿಚಾರಕಿ ಒಂದು ಮಾತು ಕೇಳಿರಲಿಲ್ಲ. ಮುಂದಿನ ಎಣಿಕೆಯಲ್ಲಿ ಮೂವತ್ತು ಗೂಟ ಮುಗಿಸಿ ಹಲಗೆಯ ಹತ್ತಿರ ಬಂದು ನಿಂತ. ಬಿಸಿಲು ನೆತ್ತಿಗೇರಿತ್ತು. ಆಚೆ ದಡವನ್ನು ಈಚೆಯಿಂದಲೇ ನೋಡಿದ. ಹುಲ್ಲು ಹಾಗೇ ಇದ್ದಂತೆ ಕಂಡಿತು. ಹಲಗೆಯ ಮೇಲೆ ಚೌಕಟ್ಟನ್ನಿಟ್ಟು, ಕೂತಲ್ಲೇ ಹತ್ತು ಸಲ ಯಥಾಸ್ಥಿತಿ ಬರೆದು ಸೈಕಲ್ ಹತ್ತಿದ.

“ಮೊದಲ್ನೇ ಸಲ ಬರೆಯೋವಾಗ ಎರಡು ಸಲ ಪೆನ್ನು ಮುಚ್ಚಿಟ್ಟಿದ್ದೆ ಸಾರ್” ಎಂದು ಆಮೇಲೆ ನನ್ನ ಮುಂದೆ ಹೇಳಿದ. “ಎರಡ್ನೇ ಸಲ ಅಕ್ಷರ ಇನ್ನೂ ಚೆನ್ನಾಗಿ ಬಂತು.”

ಹೀಗೆ ಮೂರು ವರ್ಷ, ಆರು ಎಣಿಕೆ, ಅರವತ್ತು ಸಾಲು.

ಅವನು ನೋಡದ ಆ ಮೂರು ವರ್ಷದಲ್ಲಿ ಆಚೆ ಪಾಲು ಸುಮ್ಮನಿರಲಿಲ್ಲ. ಕಾಲುವೆಯ ನೀರು ಒಳಗೊಳಗೇ ಜಿನುಗಿ ಹುಲ್ಲು ಮೊಣಕಾಲೆತ್ತರಕ್ಕೆ ಎದ್ದಿತ್ತು. ಎದ್ದ ಹುಲ್ಲಿಗೆ ನೆಲಗುಬ್ಬಿಗಳು ಬಂದಿದ್ದವು. ಮೊದಲೆರಡು ವರ್ಷ ಮರಿ ಹಾರಿದ ಮೇಲೆಯೇ ಆ ಪಾಲಿನ ಸರದಿ ಬಂದದ್ದು ಹಕ್ಕಿಗಳ ಪುಣ್ಯ. ಮೂರನೆಯ ವರ್ಷ ಕಚೇರಿಯವರು ಪುಸ್ತಕ ತಿರುವಿ ಹಾಕಿದರು. ನಾಲ್ಕನೆಯ ಪಾಲು, ಗೂಡು ಇಲ್ಲ, ಆರು ಎಣಿಕೆಯಲ್ಲೂ ಯಥಾಸ್ಥಿತಿ. ನಕ್ಷೆಯಲ್ಲಿ ಅದಕ್ಕೆ ಹಸಿರು ಗೆರೆ ಎಳೆದು ‘ಮೊದಲು ಕೊಯ್ಯಿರಿ’ ಎಂದು ಬರೆದು ಟ್ರ್ಯಾಕ್ಟರ್ ಚಾಲಕನ ಕೈಗಿತ್ತರು.

ಆ ಚಾಲಕ ಗೂಟದಣ್ಣನ ಹೆಂಡತಿಯ ತಮ್ಮ. ಕೊಯ್ಯುವ ಕೆಲಸ ಅವನಿಗೆ ಸಿಕ್ಕಿದ್ದೂ ಭಾವನ ಮಾತಿನಿಂದಲೇ.

ಕೊಯ್ಲಿಗೆ ಮಾತ್ರ ತೆರೆಯುವ ರಸ್ತೆ ಕಡೆಯ ಗೇಟಿನಿಂದ ಆಚೆ ಪಾಲಿಗೆ ಹೋಗಿ ಅವನು ಮೂರನೆಯ ಸುತ್ತು ಹಾಕುವಾಗ ಹಕ್ಕಿಗಳು ಯಂತ್ರದ ಮುಂದೆ ಎದ್ದೆದ್ದು ಬಿದ್ದವು. ಯಂತ್ರ ನಿಲ್ಲಿಸಿ ಇಳಿದು ಹಿಂದೆ ನೋಡಿದ. ಕೊಯ್ದ ಹುಲ್ಲಿನ ಸಾಲಿನಲ್ಲಿ ಒಡೆದ ಮೊಟ್ಟೆ, ಕಣ್ಣು ಬಿಡದ ಮರಿಗಳು. ಸುತ್ತಿದ ಮೂರು ಸುತ್ತಿನಲ್ಲೇ ಹದಿನೇಳು ಗೂಡು. ಅವುಗಳನ್ನು ಒಂದೊಂದಾಗಿ ಟವೆಲ್ಲಿಗೆ ಎತ್ತಿ ಹಾಕಿಕೊಳ್ಳುತ್ತಿದ್ದಾಗ ರಸ್ತೆಯ ಮೇಲೆ ಹೋಗುತ್ತಿದ್ದವರು ಯಾರೋ ಫೋಟೋ ತೆಗೆದರು. ಟ್ರ್ಯಾಕ್ಟರ್, ಬಗ್ಗಿದ ಮನುಷ್ಯ, ಕೈಯಲ್ಲಿ ಸತ್ತ ಮರಿ.

ಆ ಫೋಟೋ ನನ್ನ ಮೊಬೈಲಿಗೂ ಬಂತು. ನಾನು ಗಾವಲಿಗೆ ಹೋಗಲಿಲ್ಲ, ಚಾಲಕನನ್ನು ಕೇಳಲಿಲ್ಲ. ಒಂದೇ ಗುಕ್ಕಿಗೆ ಅರ್ಧ ಪುಟ ಬರೆದೆ. ‘ಕಣ್ಣಿದ್ದೂ ಕುರುಡಾದ ಚಕ್ರ’ ಎಂಬ ತಲೆಬರಹ. ಬರೆದು ಮುಗಿಸಿದಾಗ ನನಗೇ ನನ್ನ ಮೇಲೆ ಮೆಚ್ಚುಗೆಯಾಗಿತ್ತು. ಎರಡು ದಿನಕ್ಕೆ ಚಾಲಕನನ್ನು ಕೆಲಸದಿಂದ ನಿಲ್ಲಿಸಿದರು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ರಜೆಪಟ್ಟಿ. ಒಂದು ಬದಿಯಲ್ಲಿ ಮೇಲ್ವಿಚಾರಕಿ, ಎದುರಿಗೆ ನಿಂತ ಚಾಲಕ, ಗೋಡೆಗೆ ಒರಗಿ ಗೂಟದಣ್ಣ.

“ನಕ್ಷೇಲಿ ಹಸಿರು ಗೆರೆ ಇದ್ದ ಪಾಲನ್ನೇ ಕೊಯ್ದೆ ಮೇಡಂ. ಬೇಕಾದ್ರೆ ನೋಡಿ” ಎಂದ ಚಾಲಕ.

“ಆ ಪಾಲಲ್ಲಿ ಗೂಡೇ ಇಲ್ಲ ಅಂತ ದಾಖಲೆ ಇದೆ. ಅಂದ್ಮೇಲೆ ನೀನು ಗೆರೆ ದಾಟಿ ಪಕ್ಕದ ಪಾಲಿಗೆ ನುಗ್ಗಿರ್ಬೇಕು.”

“ಮಧ್ಯೆ ಕಾಲುವೆ ಇದೆಯಲ್ಲ ಮೇಡಂ! ಟ್ರ್ಯಾಕ್ಟರ್ ಹಾರ್ಕೊಂಡ್ ಹೋಗತ್ತಾ? ಭಾವ ಇಲ್ಲೇ ಇದಾರೆ, ಕೇಳಿ. ಅವರಿಗೆ ಒಂದೊಂದು ಗೂಟಾನೂ ಗೊತ್ತು.”

ಮೇಲ್ವಿಚಾರಕಿ ತಿರುಗಿ ಕೇಳಿದರು. “ನೀವು ಹೇಳಿ. ಮೂವತ್ತೊಂದರಿಂದ ನಲವತ್ತರಲ್ಲಿ ಗೂಡು ಇತ್ತಾ?”

ಗೂಟದಣ್ಣ ತನ್ನ ಚಪ್ಪಲಿ ನೋಡಿಕೊಂಡ. “ದಾಖಲೇಲಿ ಇಲ್ಲ ಮೇಡಂ” ಅಂದ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಜೀವಮಾನದಲ್ಲಿ ಎಷ್ಟೋ ಸುಳ್ಳುಗಾರರನ್ನು ಕಂಡಿದ್ದೇನೆ; ಇಷ್ಟು ನೀಟಾದ ಸುಳ್ಳನ್ನು ಕೇಳಿದ್ದು ಕಡಿಮೆ. ಚಾಲಕ ಭಾವನ ಮುಖವನ್ನೇ ನೋಡುತ್ತ ನಿಂತ. ಇನ್ನೇನೋ ಹೇಳುತ್ತಾರೆ ಎಂದು ಕಾದ. ‘ನಿರ್ಲಕ್ಷ್ಯ’ ಎಂದು ಬರೆದ ಕಾಗದಕ್ಕೆ ಚಾಲಕನ ಸಹಿ ಹಾಕಿಸಿಕೊಂಡರು. ಇನ್ನು ಮುಂದೆ ಯಾವ ಕಚೇರಿಯ ಕೆಲಸಕ್ಕೂ ಅವನ ಟ್ರ್ಯಾಕ್ಟರನ್ನು ಕರೆಯಬಾರದು ಎಂಬ ಶಿಫಾರಸಿಗೆ ಹದಿನೈದು ದಿನದ ಗಡುವು ಇತ್ತು. ಅಷ್ಟರೊಳಗೆ ಅವನು ತಾನು ತಪ್ಪು ಮಾಡಿಲ್ಲ ಎಂದು ತೋರಿಸಬೇಕು. ತೋರಿಸುವುದಾದರೂ ಹೇಗೆ? ಗಾವಲಿಗೆ ಹೋಗಿ ಕಣ್ಣಾರೆ ನೋಡುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಅದನ್ನು ತೋರಿಸಬಲ್ಲ ಒಬ್ಬನೇ ಮನುಷ್ಯ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಮನೆಯಲ್ಲಿ ಗೂಟದಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವವಳು. ಊರಿನ ರಕ್ತ, ಕೀವು, ಔಷಧದ ಕಲೆ ಎಲ್ಲ ನೋಡಿದವಳು. ಯಾವ ಕಲೆ ಯಾವುದರದ್ದು ಎಂದು ದೂರದಿಂದಲೇ ಹೇಳಬಲ್ಲಳು. ಮೂರನೆಯ ದಿನ ಬೆಳಗ್ಗೆ ಗಂಡನ ಪ್ಯಾಂಟನ್ನು ಬಕೆಟ್ಟಿಗೆ ಹಾಕುವ ಮೊದಲು ಒಳಹೊರಗೆ ತಿರುಗಿಸಿ ನೋಡಿದಳು.

“ರೀ, ಒಂದ್ ಮಾತು ಕೇಳ್ಲಾ?”

“ಏನು?”

“ಕಾಲುವೆ ಆಚೆ ಕಡೆ ಅಂಟುಬೀಜದ ಹುಲ್ಲಿದೆ ಅಂತಿದ್ರಿ. ಮುಂಚೆ ಎಣಿಕೆಗೆ ಹೋಗ್ಬಂದ್ ದಿನ ನಿಮ್ಮ ಪ್ಯಾಂಟಿಂದ ಆ ಬೀಜ ಕೀಳೋಕೇ ನಂಗೆ ಒಂದು ಗಂಟೆ ಆಗ್ತಿತ್ತು. ಸೂಜಿ ತಗೊಂಡು ಕೂರ್ತಿದ್ದೆ. ಬೈಕೊಂಡೂ ಇದೀನಿ.”

ಅವನು ಬಕೆಟ್ಟನ್ನು ನಲ್ಲಿಯ ಕೆಳಗೆ ಸರಿಸಿದ.

“ಮೂರು ವರ್ಷದಿಂದ ನಾನು ಸೂಜಿ ತಗೊಂಡಿಲ್ಲ. ಹುಲ್ಲು ಬೀಜ ಬಿಡೋದು ನಿಲ್ಲಿಸ್ತೋ, ನೀವು ಹೋಗೋದು ನಿಲ್ಲಿಸಿದ್ರೋ?”

“ಹುಲ್ಲು ಸ್ವಲ್ಪ ಕಮ್ಮಿ—”

“ಬೇಡ. ನನ್ನ ಹತ್ರ ಬೇಡ. ನನ್ನ ತಮ್ಮ ನಿನ್ನೆ ಬಂದಿದ್ದ. ಒಳಗೆ ಬಾರೋ ಅಂದ್ರೆ ಬಾಗಿಲಲ್ಲೇ ನಿಂತ್ಕೊಂಡ. ‘ಅಕ್ಕಾ, ಭಾವ ಯಾಕೆ ಹಂಗಂದ್ರು? ನಾನೇನಾದ್ರೂ ಅವರಿಗೆ ಮಾಡಿದೀನಾ?’ ಅಂದ. ಅವನಿಗೆ ಇನ್ನೂ ಗೊತ್ತಾಗಿಲ್ಲ ರೀ. ಅವನ ತಪ್ಪೇ ಏನೋ ಇರ್ಬೇಕು ಅಂದ್ಕೊಂಡಿದಾನೆ.”

ಪ್ಯಾಂಟನ್ನು ಬಕೆಟ್ಟಿಗೆ ಹಾಕದೆ ಅವನ ತೊಡೆಯ ಮೇಲಿಟ್ಟು, “ಇನ್ಮೇಲೆ ನೀವೇ ಒಗ್ಕೊಳ್ಳಿ” ಎಂದು ಕೆಲಸಕ್ಕೆ ಹೋದಳು. ಎಷ್ಟು ಚೆನ್ನಾದ ಅಕ್ಷರದಲ್ಲಿ ಬರೆದರೂ ಆ ಪುಸ್ತಕ ಸುಳ್ಳು ಹೇಳುತ್ತಿತ್ತು. ಸೂಜಿ ಹಿಡಿದ ಹೆಂಗಸಿನ ಲೆಕ್ಕ ತಪ್ಪಿರಲಿಲ್ಲ.

ಅದೇ ದಿನ ಅವನು ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ನನ್ನ ಅಂಕಣದ ತುಂಡು, ನಾಲ್ಕಾಗಿ ಮಡಚಿದ್ದು. ಬೈಯಲು ಬಂದಿದ್ದಾನೆ ಎಂದು ನಾನು ಮೊದಲೇ ಮೈ ಸೆಟೆಸಿಕೊಂಡೆ.

“ಸಾರ್, ಇದು ನೀವೇನಾ ಬರ್ದಿದ್ದು?”

“ಹೌದು. ತಪ್ಪಿದ್ದರೆ ಹೇಳಿ.”

“ತುಂಬಾ ಚೆನ್ನಾಗಿದೆ. ಬೈಗುಳ ಎಲ್ಲಾ ಸರಿಯಾಗಿದೆ. ವಿಳಾಸ ಒಂದು ತಪ್ಪಾಗಿದೆ, ನನಗೆ ಬರ್ಬೇಕಿತ್ತು.”

ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ: ಹಲಗೆ, ಸಹಿ, ಅರವತ್ತು ಸಾಲು, ಮೇಡಂ ಮುಂದೆ ಆಡಿದ ಮಾತು, ಪ್ಯಾಂಟು. ಹೇಳಿ ಮುಗಿಸಿ, “ಇನ್ನೊಂದು ಬರೀರಿ ಸಾರ್, ನನ್ನ ಮೇಲೆ” ಅಂದ.

ನನಗೆ ಅವನ ಮುಖ ನೋಡಲಾಗಲಿಲ್ಲ. ಕಾಲುವೆಯ ಈಚೆ ದಡದಲ್ಲಿ ನಿಂತು ಆಚೆಯದನ್ನು ಬರೆದವನು ಅವನೊಬ್ಬನೇ ಆಗಿರಲಿಲ್ಲ. ನಾನು ಮೊಬೈಲಿನಲ್ಲಿ ಒಂದು ಫೋಟೋ ನೋಡಿ ಅರ್ಧ ಪುಟ ತುಂಬಿಸಿದ್ದೆ. ಅವನಾದರೋ ಹದಿನಾರು ವರ್ಷ ನಡೆದ ಮೇಲೆ ಕೂತವನು. ನಾನು ಎದ್ದೇ ಇರಲಿಲ್ಲ.

“ಬರೆಯೋದು ಆಮೇಲೆ. ಮೊದಲು ಕಚೇರಿಗೆ ಹೋಗಿ ಹೇಳಿ” ಅಂದೆ. “ಪತ್ರಿಕೆಯಲ್ಲಿ ಬಂದದ್ದನ್ನು ಅವರು ದಾಖಲೆ ಅಂತ ಒಪ್ಪಲ್ಲ.”

“ಒಬ್ಬನೇ ಹೋದ್ರೆ ಮತ್ತೆ ಚಪ್ಪಲಿ ನೋಡ್ಕೋತೀನಿ ಸಾರ್. ನೀವು ಬಾಗಿಲ ಹತ್ರ ನಿಂತಿದ್ರೆ ಸಾಕು.”

ಹೋದೆ, ಬಾಗಿಲ ಹತ್ತಿರ ನಿಂತೆ. ಅದಕ್ಕಿಂತ ಒಳಗೆ ಹೋಗುವ ಯೋಗ್ಯತೆ ನನಗಿರಲಿಲ್ಲ.

ಅವನು ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟ. ಮೇಲ್ವಿಚಾರಕಿ ಕೇಳುವ ಮೊದಲೇ ಕೆಂಪು ಪೆನ್ನು ತೆಗೆದು ಮೂವತ್ತೊಂದನೆಯ ಗೂಟದ ‘ಯಥಾಸ್ಥಿತಿ’ಗೆ ಅಡ್ಡಗೆರೆ ಎಳೆದ. ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದ.

“ಏನ್ ಮಾಡ್ತಿದೀರಿ? ಅದು ಸರ್ಕಾರಿ ದಾಖಲೆ!”

“ಗೊತ್ತು ಮೇಡಂ. ಇನ್ನೂ ಐವತ್ತೊಂಬತ್ತಿದೆ.”

ಮೂವತ್ತೆರಡು, ಮೂವತ್ತಮೂರು. ಮೇಲ್ವಿಚಾರಕಿ ಪುಸ್ತಕದ ಅಂಚನ್ನು ಹಿಡಿದುಕೊಂಡರು. ಪ್ರತಿ ಪುಟದ ಕೆಳಗೂ ಅವರ ಸಹಿ ಇತ್ತು, ‘ಪರಿಶೀಲಿಸಲಾಗಿದೆ’ ಎಂಬ ಮೊಹರಿನ ಮೇಲೆ.

“ಇದರ ಅರ್ಥ ಏನು ಗೊತ್ತಾ ನಿಮಗೆ? ನಾನೂ ನೋಡಿಲ್ಲ ಅಂತ ಆಗತ್ತೆ.”

“ನೋಡಿದ್ರಾ ಮೇಡಂ?”

ಅವನು ಚುಚ್ಚಲು ಕೇಳಿದ್ದಲ್ಲ, ನಿಜಕ್ಕೂ ಕೇಳಿದ. ಆಕೆ ಬಾಗಿಲ ಹತ್ತಿರ ನಿಂತ ನನ್ನನ್ನು ನೋಡಿದರು, ಪುಸ್ತಕ ನೋಡಿದರು. ಪುಸ್ತಕದ ಅಂಚು ಬಿಟ್ಟರು. ಅರವತ್ತೂ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಚಾಲಕನ ಮೇಲಿನ ಕಾಗದವನ್ನು ಹಿಂದಕ್ಕೆ ಪಡೆದರು. ಗೂಟದಣ್ಣನನ್ನು ಆರು ತಿಂಗಳು ಕೆಲಸದಿಂದ ಹೊರಗಿಟ್ಟು, ಇಪ್ಪತ್ತಾರು ಹುಲ್ಲು ಗೊತ್ತಿದ್ದವರು ಬೇರೆ ಯಾರೂ ಸಿಗದೆ ಮತ್ತೆ ಕರೆದರು. ಮೇಲ್ವಿಚಾರಕಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ನಾನು ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟೆ; ಸಂಪಾದಕರು ಜಾಗವಿಲ್ಲವೆಂದು ಅದನ್ನು ಒಳಪುಟದ ಮೂಲೆಗೆ ಹಾಕಿದರು, ನಾನೂ ಜಗಳವಾಡಲಿಲ್ಲ. ಅದನ್ನು ಹಿಡಿದುಕೊಂಡು ಚಾಲಕನ ಮನೆಗೆ ಹೋದೆ.

ಓದಿ ಕಾಗದ ವಾಪಸು ಕೊಟ್ಟ. “ಬೈಯೋಕೆ ಅರ್ಧ ಪುಟ, ತಪ್ಪಾಯ್ತು ಅನ್ನೋಕೆ ನಾಲ್ಕು ಸಾಲು. ಕಾಗದಕ್ಕೆ ಬರ ಬಂದಿತ್ತಾ ಸಾರ್?”

ಅದಕ್ಕೇ ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ.

ಕಳೆದ ವಾರ ಈ ವರ್ಷದ ಕೊಯ್ಲು ಶುರುವಾಯಿತು. ಈ ಸಲವಾದರೂ ಕಣ್ಣಾರೆ ನೋಡಬೇಕೆಂದು ಹೋಗಿದ್ದೆ. ಮೊದಲನೆಯ ಪಾಲಿನ ಅಂಚಿನಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಗೂಟದಣ್ಣ ಹಿಂದಿನ ದಿನವೇ ಹತ್ತೂ ಗೂಟ ಸುತ್ತಿ ಪುಸ್ತಕ ತಂದಿದ್ದ.

“ನೋಡಿದೀರೇನ್ರೀ?” ಎಂದ ಚಾಲಕ, ಸೀಟಿನ ಮೇಲಿನಿಂದಲೇ. ಭಾವ ಅನ್ನಲಿಲ್ಲ.

“ನೋಡಿದೀನಿ. ಹತ್ತೂ ನೋಡಿದೀನಿ. ಒಂದೂ ಗೂಡಿಲ್ಲ” ಎಂದು ಪುಸ್ತಕ ಮುಂದೆ ಚಾಚಿದ ಗೂಟದಣ್ಣ.

ಚಾಲಕ ಪುಸ್ತಕ ಮುಟ್ಟಲಿಲ್ಲ. ಕೀಲಿ ತಿರುಗಿಸಿ ಯಂತ್ರ ಆರಿಸಿದ, ಇಳಿದ, ಒಂದು ಉದ್ದ ಕೋಲು ತೆಗೆದುಕೊಂಡ. “ಒಂದ್ಸಲ ನಾನೇ ಹೋಗ್ಬರ್ತೀನಿ” ಎಂದು ಹುಲ್ಲಿನೊಳಗೆ ಕಾಲಿಟ್ಟ. ಒಂದೊಂದೇ ಹೆಜ್ಜೆ ಇಟ್ಟು, ಕೋಲಿನಿಂದ ಹುಲ್ಲನ್ನು ಮೆಲ್ಲಗೆ ಸರಿಸಿ, ಬಗ್ಗಿ ನೋಡಿ, ಮತ್ತೆ ಒಂದು ಹೆಜ್ಜೆ. ಅಷ್ಟು ದೊಡ್ಡ ಪಾಲನ್ನು ಹಾಗೆ ನಡೆದು ಮುಗಿಸಲು ಮಧ್ಯಾಹ್ನವಾದರೂ ಆಗುತ್ತದೆ.

“ನಾವು ಆ ಕಡೆ ನೆರಳಲ್ಲಿ ಕೂರೋಣವಾ?” ಎಂದು ನಾನು ಕೇಳಿದೆ.

“ಇಲ್ಲ ಸಾರ್, ನೀವು ಕೂತ್ಕೊಳ್ಳಿ” ಎಂದು ಗೂಟದಣ್ಣ ಬಿಸಿಲಿನಲ್ಲೇ ನಿಂತ, ಭಾವಮೈದ ತಿರುಗಿ ಬರುವವರೆಗೂ.